ಮೊಳೆ ಮಾವ ಹೊಳೆಯಲ್ಲಿ ಹಲ್ಲು ಹುಡುಕಿದ್ದು

ಮೊಳೆ ಮಾವನ ಬಾಯಲ್ಲಿ ಹಲ್ಲಿಗಿಂತ ಮೊಳೆಯೇ ಹೆಚ್ಚು. ಬೆಳಿಗ್ಗೆ ಬೂಟಿನಂಗಡಿಯ ಬಾಗಿಲು ಮೇಲೆತ್ತಿ, ಕುಳ್ಳು ಸ್ಟೂಲಿನ ಮೇಲೆ ಕೂತು, ಬೂಟು ಕವುಚಿ ಹಾಕುವ ಕಬ್ಬಿಣದ ಪಾದವನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡನೆಂದರೆ ಅವನು ಮೊದಲು ಮಾಡುವ ಕೆಲಸ, ಡಬ್ಬಿಯಿಂದ ಒಂದು ಹಿಡಿ ಸಣ್ಣ ಮೊಳೆ ತೆಗೆದು ಬಾಯಿಗೆ ಎಸೆದುಕೊಳ್ಳುವುದು. ಗೊತ್ತಿಲ್ಲದವರು ಹುರಿಗಡಲೆ ತಿನ್ನುತ್ತಿದ್ದಾನೆ ಅಂದುಕೊಳ್ಳಬೇಕು. ನಾಲಿಗೆಯಿಂದ ಒಂದೊಂದೇ ಮೊಳೆಯನ್ನು ತಲೆ ಮುಂದಾಗಿ ತುಟಿಗೆ ತಳ್ಳುತ್ತಾನೆ, ಎಡಗೈ ಅದನ್ನು ತೆಗೆದು ಬೂಟಿನ ಅಟ್ಟೆಯ ಮೇಲೆ ಇಡುತ್ತದೆ, ಬಲಗೈಯ ಸುತ್ತಿಗೆ ಬೀಳುತ್ತದೆ. ಬಾಯಿ, ಎಡಗೈ, ಬಲಗೈ ಮೂರೂ ಒಂದನ್ನೊಂದು ಕೇಳದೆ ಕೆಲಸ ಮಾಡುತ್ತವೆ.

ಇದರಿಂದ ಒಂದು ಅನುಕೂಲವೂ ಇತ್ತು. "ಯಾವಾಗ ಕೊಡ್ತೀಯ ಮಾವ?" ಎಂದು ಗಿರಾಕಿ ಕೇಳಿದರೆ, "ಹುಂ" ಎನ್ನುತ್ತಿದ್ದ. ಆ ಹುಂಗೆ ಇವತ್ತು ಸಂಜೆ ಎಂಬ ಅರ್ಥವೂ ಇತ್ತು, ಮುಂದಿನ ವಾರ ಎಂಬ ಅರ್ಥವೂ ಇತ್ತು, ನಿನ್ನ ಬೂಟು ಎಲ್ಲಿಟ್ಟಿದ್ದೇನೋ ನನಗೇ ನೆನಪಿಲ್ಲ ಎಂಬ ಅರ್ಥವೂ ಇತ್ತು. ಜಗಳಗಂಟಿ ಗಿರಾಕಿ ಬೀದಿಯ ಆ ತುದಿಯಲ್ಲಿ ಕಂಡರೆ ಸಾಕು, ಮಾವನ ಕೈ ಡಬ್ಬಿಗೆ ಹೋಗಿ ಇನ್ನೊಂದು ಹಿಡಿ ಮೊಳೆ ಬಾಯಿಗೆ ಬೀಳುತ್ತಿತ್ತು.

ಈ ಕಸುಬು ಅವನು ಹುಡುಕಿಕೊಂಡು ಬಂದದ್ದಲ್ಲ. ಪ್ರಾಯದಲ್ಲಿ ಲಾರಿ ತೊಳೆದ, ಬ್ರೆಡ್ಡಿನ ಭಟ್ಟಿಯಲ್ಲಿ ನಿಂತ, ಎರಡು ಕಡೆಯೂ ಉಗಿಸಿಕೊಂಡ. ಒಂದು ದಿನ ಚಪ್ಪಲಿಯ ಬಾರು ಕಿತ್ತುಹೋಗಿ, ಒಬ್ಬ ಮುದಿ ಬೂಟಿನವನ ಮುಂದೆ ಹೊಲಿಗೆ ಮುಗಿಯಲೆಂದು ಕೂತ. ಕೂತವನು ಏಳಲೇ ಇಲ್ಲ. ಮುದುಕ ತೀರಿಕೊಂಡಾಗ ಸ್ಟೂಲೂ ಡಬ್ಬಿಯೂ ಇವನದಾದವು. ಬಾರು ಹೊಲಿದ ಕೂಲಿ ಕೊಟ್ಟಿದ್ದನೋ ಇಲ್ಲವೋ ಅವನಿಗೂ ಗೊತ್ತಿಲ್ಲ.

ಹೆಂಡತಿ ಬಂದದ್ದೂ ಅದೇ ಬಾಗಿಲಿನಿಂದ. ಹಿಮ್ಮಡಿ ಕಳಚಿದ ಬೂಟನ್ನು ಕೈಯಲ್ಲಿ ಹಿಡಿದು, ಒಂದು ಕಾಲು ಎತ್ತರ ಒಂದು ಕಾಲು ಗಿಡ್ಡವಾಗಿ ಕುಂಟುತ್ತ ಒಳಗೆ ಬಂದವಳು, ಇವನ ತುಟಿಯ ಮೇಲೆ ಸಾಲಾಗಿ ನಿಂತ ಮೊಳೆಗಳನ್ನು ನೋಡಿ ನಕ್ಕಳು. ನಕ್ಕಳೆಂದರೆ ಸುಮ್ಮನೆ ನಕ್ಕದ್ದಲ್ಲ. ಎದುರಿನ ಮನೆಯ ಕಿಟಕಿ ತೆರೆಯಿತು. ಮಾವ ಗಾಬರಿಯಲ್ಲಿ ಒಂದು ಮೊಳೆ ನುಂಗಿಬಿಟ್ಟ. ಆ ಮೊಳೆ ಹೊರಗೆ ಬರುವಷ್ಟರಲ್ಲಿ ಮದುವೆಯ ಮಾತು ಮುಗಿದಿತ್ತು.

ಬೀದಿಯವರು ಅವಳನ್ನು ಗುಡುಗತ್ತೆ ಎಂದೇ ಕರೆದರು. ಪಕ್ಕದ ಕ್ಷೌರದಂಗಡಿ ಅವಳ ತಮ್ಮನದು. ಅಕ್ಕನ ನಗು ಶುರುವಾಗುವ ಮುಂಚೆ ಒಂದು ಉದ್ದ ಉಸಿರು ಒಳಗೆ ಹೋಗುತ್ತದೆ. ಗೋಡೆಯಾಚೆಯಿಂದ ಆ ಉಸಿರು ಕೇಳಿಸಿದ ಕೂಡಲೇ ತಮ್ಮ ಗಿರಾಕಿಯ ಕುತ್ತಿಗೆಯಿಂದ ಕತ್ತಿ ಮೇಲೆತ್ತಿ ಹಿಡಿಯುತ್ತಿದ್ದ. ಗುಡುಗು ನಿಂತ ಮೇಲೆ ಮತ್ತೆ ಕೆಳಗಿಳಿಸುತ್ತಿದ್ದ. ಅಷ್ಟು ವರ್ಷ ಅವನ ಅಂಗಡಿಯಲ್ಲಿ ರಕ್ತ ಬೀಳದಿದ್ದರೆ ಅದು ಈ ಅಭ್ಯಾಸದಿಂದಲೇ.

ನಗುವಾಗ ಅವಳ ಮೇಲಿನ ಸಾಲಿನಲ್ಲಿ ಒಂದು ಚಿನ್ನದ ಹಲ್ಲು ಮಿಂಚುತ್ತಿತ್ತು. ಅವಳ ತಾಯಿಯ ಒಂಟಿ ಓಲೆಯನ್ನು ಕರಗಿಸಿ ಮಾಡಿಸಿದ್ದು. ಇನ್ನೊಂದು ಓಲೆ ಕಳೆದುಹೋಗಿತ್ತು, ಒಂಟಿ ಓಲೆ ಇಟ್ಟುಕೊಂಡು ಮಾಡುವುದೇನು, ಬಾಯಲ್ಲಿದ್ದರೆ ಕಳೆಯುವುದಿಲ್ಲ ಎಂದು ತಾಯಿಯೇ ಹೇಳಿದ್ದಳಂತೆ.

ಬಾಯಲ್ಲಿದ್ದದ್ದೂ ಕಳೆಯಿತು. ಬೇಸಿಗೆಯಲ್ಲಿ ಒಮ್ಮೆ ಗಂಡಹೆಂಡತಿ ಕಂಬಳಿ ತೊಳೆಯಲು ಹೊಳೆಗೆ ಹೋಗಿದ್ದರು. ಮಾವ ನೆನೆದ ಕಂಬಳಿಯನ್ನು ಹೆಗಲ ಮೇಲೆ ಹೊತ್ತು ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲಿಟ್ಟ. ಕಾಲು ಆಕಾಶ ನೋಡಿತು. ಕುಂಡೆ ನೀರಿಗೆ ಬಡಿಯಿತು, ಕಂಬಳಿ ತಲೆಯ ಮೇಲೆ ಮುಸುಕಿತು, ಕಂಬಳಿಯ ಒಳಗಿನಿಂದ "ನಂಗೇನೂ ಆಗಿಲ್ಲ" ಎಂಬ ದನಿ ಬಂತು. ಆ ದನಿ ಬಾರದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೋ ಏನೋ. ಉಸಿರೆಳೆದಳು, ನಕ್ಕಳು, ಹಲ್ಲು ಹಾರಿ ಹೊಳೆಗೆ ಬಿತ್ತು. ಬಿದ್ದ ಸದ್ದೂ ಅವಳ ನಗುವಿನಲ್ಲಿ ಕೇಳಿಸಲಿಲ್ಲ. ಬಾಯೊಳಗೆ ಗಾಳಿ ತಣ್ಣಗೆ ಹೋದಾಗಲೇ ಗೊತ್ತಾದದ್ದು. ಇಬ್ಬರೂ ಬೆರಳು ಸುಕ್ಕುಗಟ್ಟುವವರೆಗೆ ಮರಳು ಕೆದಕಿದರು. ಸಿಗಲಿಲ್ಲ.

ಅವತ್ತಿನಿಂದ ಗುಡುಗು ನಿಂತಿತು. ಮೊದಮೊದಲು ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ತುಟಿ ಬಿಗಿದು ಮೂಗಿನಲ್ಲಿ ನಕ್ಕಳು. ಆಮೇಲೆ ಅದೂ ಇಲ್ಲ, ಏನು ಹೇಳಿದರೂ "ಹುಂ." ಹುಂ ಎನ್ನುವುದು ತನ್ನೊಬ್ಬನ ಆಸ್ತಿ ಎಂದುಕೊಂಡಿದ್ದ ಮಾವನಿಗೆ, ಅದನ್ನು ಕೇಳಿಸಿಕೊಳ್ಳುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು. ನಗಿಸಲು ನೋಡಿದ. ಗಿರಾಕಿಯ ಗಂಬೂಟನ್ನು ತಲೆಗೆ ಹಾಕಿಕೊಂಡು ಅಡುಗೆಮನೆಗೆ ಬಂದ. "ತೆಗೀರಿ ಅದನ್ನ, ಹೇನು ಬಂದಾವು" ಎಂದು ಅವಳು ಪಾತ್ರೆ ತಿಕ್ಕಿದಳು.

"ಬೇರೆ ಹಲ್ಲು ಕಟ್ಟಿಸ್ಕೋಳೇ" ಎಂದ.

"ಯಾರ ಮನೇದೋ ಚಿನ್ನ ಬಾಯಲ್ಲಿಟ್ಕೊಂಡು ಊಟ ಮಾಡ್ಲಾ? ಥೂ. ನಮ್ಮಮ್ಮಂದು ಸಿಕ್ಕಿದ್ರೆ ಸಿಗ್ಲಿ, ಇಲ್ದಿದ್ರೆ ಇಲ್ಲ."

ಪಕ್ಕದಂಗಡಿಯ ಭಾಮೈದ ಈಗ ಯಾವ ಭಯವೂ ಇಲ್ಲದೆ ಕತ್ತಿ ಆಡಿಸುತ್ತಿದ್ದ. ಆದರೆ ಅವನಿಗೂ ಸಮಾಧಾನವಿರಲಿಲ್ಲ. ಫೋನಿನಲ್ಲಿ ಏನೋ ನೋಡುತ್ತ ಒಂದು ಮಧ್ಯಾಹ್ನ ಬೂಟಿನಂಗಡಿಗೆ ಬಂದು ನಿಂತ.

"ಭಾವ, ಹೊಳೇಲಿ ಚಿನ್ನ ಹುಡುಕೋ ಮಶೀನು ಬರುತ್ತಂತೆ. ನೆಲದ ಮೇಲೆ ಆಡಿಸಿದ್ರೆ ಕೂಗುತ್ತಂತೆ."

ಮಾವ ಬಾಯಿಂದ ಮೊಳೆಗಳನ್ನೆಲ್ಲ ಅಂಗೈಗೆ ಉಗುಳಿದ. ಹಗಲು ಹೊತ್ತಿನಲ್ಲಿ ಅವನು ಹಾಗೆ ಮಾಡಿದ್ದನ್ನು ಭಾಮೈದ ನೋಡಿದ್ದು ಅದೇ ಮೊದಲು. "ಎಲ್ಲಿ?" ಎಂದ ಮಾವ.

ಪಂಪು, ಏಣಿ, ಹುಲ್ಲು ಕತ್ತರಿಸುವ ಯಂತ್ರ ಎಲ್ಲವನ್ನೂ ಮಾರುವ ಒಂದು ದೊಡ್ಡ ಅಂಗಡಿ. ಒಳಗೆ ರಬ್ಬರಿನ ವಾಸನೆ. ಮಾವ ಹೆಂಡತಿಯ ಕಿವಿಯ ಓಲೆಯೊಂದನ್ನು, ತಿರುಪು ಬಿಗಿ ಮಾಡಿಸಿಕೊಡುತ್ತೇನೆಂದು ಸುಳ್ಳು ಹೇಳಿ, ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಚಿನ್ನದ ಮುಂದೆ ನಿಲ್ಲಿಸಿ ನೋಡದೆ ಚಿನ್ನದ ಮಶೀನು ಕೊಳ್ಳುವುದು, ಕಾಲಿಗೆ ಹಾಕಿ ನೋಡದೆ ಬೂಟು ಕೊಂಡ ಹಾಗೆ ಎಂಬುದು ಅವನ ಲೆಕ್ಕ.

ಕನ್ನಡಕ ಹಾಕಿದ್ದ ಅಂಗಡಿಯವನು ಕೇಳಿದ, "ಪುಡಿ ಚಿನ್ನಾನಾ ಯಜಮಾನ್ರೇ, ಗಟ್ಟಿನಾ? ಪುಡಿ ಆದ್ರೆ ಮಶೀನು ದಂಡ, ನೇರವಾಗಿ ಹೇಳ್ಬಿಡ್ತೀನಿ. ಅದಕ್ಕೆ ತಟ್ಟೇಲಿ ಮರಳು ಹಾಕ್ಕೊಂಡು ಜಾಲಿಸ್ಬೇಕು. ಗಟ್ಟಿ ಚೂರು ಆದ್ರೆ ಮಾತ್ರ ಇದು ಕೂಗುತ್ತೆ. ನಿಮ್ಮದು ಎಷ್ಟು ದೊಡ್ಡದು?"

ಮಾವ ಬಾಯಿ ತೆರೆದು ಮೇಲಿನ ಹಲ್ಲನ್ನು ಬೆರಳಿನಿಂದ ಮುಟ್ಟಿ ತೋರಿಸಿದ. "ಇಷ್ಟು."

ಅಂಗಡಿಯವನಿಗೆ ಅರ್ಥವಾಗಲಿಲ್ಲ.

"ಹಲ್ಲು ಕಣಪ್ಪ," ಎಂದ ಭಾಮೈದ. "ನಮ್ಮಕ್ಕಂದು. ಹೊಳೇಲಿ ಹೋಯ್ತು."

ಅಂಗಡಿಯವನು ಕನ್ನಡಕ ತೆಗೆದು ದನಿ ತಗ್ಗಿಸಿದ. "ಅಯ್ಯೋ ಪಾಪ. ಅಕ್ಕಾವ್ರು... ಸಿಕ್ಕಿದ್ರಾ?"

"ಅಕ್ಕ ಮನೇಲಿ ಬಟ್ಟೆ ಮಡಿಸ್ತಿದಾಳೆ. ಹಲ್ಲು ಮಾತ್ರ ಹೋಗಿದ್ದು."

ಅಂಗಡಿಯವನು ಕನ್ನಡಕವನ್ನು ಮತ್ತೆ ಹಾಕಿಕೊಂಡು, ಮೂಲೆಯಲ್ಲಿದ್ದ ಮರಳಿನ ಟ್ರೇ ಎಳೆದು, ಓಲೆಯನ್ನು ಅದರಲ್ಲಿ ಹೂತ. ಮೂರು ಮಶೀನು ಇಳಿಸಿದ. ಮೂರೂ ಉದ್ದ ಕೋಲು, ಮೇಲೆ ಮೊಣಕೈ ಊರಲು ತೊಟ್ಟಿಲಿನಂಥ ಒಂದು ಬಾಗು, ಕೆಳಗೆ ತಟ್ಟೆ.

ಮೊದಲನೆಯದಕ್ಕೆ ದೊಡ್ಡ ತಟ್ಟೆ. "ಇದು ಆಳಕ್ಕೆ ಇಳಿಯುತ್ತೆ. ಆದ್ರೆ ಹಲ್ಲಿನಷ್ಟು ಸಣ್ಣದು ಇದರ ಕಣ್ಣಿಗೆ ಬೀಳೋದು ಕಷ್ಟ. ಮತ್ತೆ ಕಲ್ಲುಗಳ ಸಂದೀಲಿ ತೂರೋದಿಲ್ಲ." ಮಾವ ಅದನ್ನು ಎತ್ತಿ ನೋಡಿ, ಕೈ ನೋವು ಬಂತೆಂದು ಕೆಳಗಿಟ್ಟ.

ಎರಡನೆಯದಕ್ಕೆ ಬಣ್ಣಬಣ್ಣದ ಪರದೆ. "ಇದು ಬಹಳ ಜಾಣ. ಕಬ್ಬಿಣ ಕಂಡ್ರೆ ಬಾಯಿ ಮುಚ್ಕೊಂಡಿರು ಅಂತ ಇದಕ್ಕೆ ಹೇಳ್ಬಹುದು. ಮೊಳೆ, ತಗಡು, ಯಾವುದಕ್ಕೂ ಕೂಗಲ್ಲ." ಅವನು ಅದನ್ನು ಟ್ರೇಯ ಮೇಲೆ ಆಡಿಸಿದ. ಮಶೀನು ಓಲೆಯ ಮೇಲೂ ಸುಮ್ಮನಿತ್ತು. ಅಂಗಡಿಯವನು ಮೆಲ್ಲಗೆ ಕೆಮ್ಮಿದ. "ಅದೇ ಒಂದು ತೊಂದ್ರೆ. ಹಾಗೆ ಹೇಳಿಟ್ರೆ ಸಣ್ಣ ಚಿನ್ನಕ್ಕೂ ಕೆಲವು ಸಲ ಬಾಯಿ ಮುಚ್ಕೊಳ್ಳುತ್ತೆ."

ಮೂರನೆಯದಕ್ಕೆ ಅಂಗೈಯಗಲದ ತಟ್ಟೆ. ನೀರಿನಲ್ಲಿ ಮುಳುಗಿಸಬಹುದು. ಹೊಳೆಯ ಕಪ್ಪು ಮರಳಿನಲ್ಲಿ ಕಬ್ಬಿಣದ ಅಂಶ ಇರುತ್ತದೆ, ಮೊದಲು ಆ ನೆಲಕ್ಕೆ ಹೊಂದಿಸಿಕೊಂಡರೆ ಮರಳಿಗೆ ಕೂಗುವುದಿಲ್ಲ ಎಂದು ಅಂಗಡಿಯವನು ಗುಂಡಿ ತಿರುಗಿಸಿ ತೋರಿಸಿದ. "ಆದ್ರೆ ಇದಕ್ಕೆ ಚಿನ್ನ ಯಾವುದು, ಕಬ್ಬಿಣ ಯಾವುದು ಗೊತ್ತಾಗಲ್ಲ. ಲೋಹ ಯಾವುದಿದ್ರೂ ಕೂಗೇ ಕೂಗುತ್ತೆ." ಓಲೆಯ ಮೇಲೆ ಹಿಡಿದ. ಕುಯ್ಯ್ ಎಂದಿತು.

"ಇದೇ ಕೊಡು," ಎಂದ ಮಾವ. "ನಮ್ಮನೇಲಿ ಬಾಯಿ ಮುಚ್ಕೊಂಡಿರೋರು ಒಬ್ರು ಸಾಕು."

ಆದರೂ ಸುಲಭವಾಗಿ ಒಪ್ಪಲಿಲ್ಲ. ಬೂಟು ನೋಡುವ ಹಾಗೆ ಮಶೀನನ್ನು ತಿರುವಿ ಹಾಕಿ, ಮೊಣಕೈಗೆ ಕಟ್ಟುವ ಪಟ್ಟಿಯನ್ನು ಎಳೆದು ನೋಡಿ, ಮೂಸಿದ. "ಈ ಹೊಲಿಗೆ ಹಾಕಿದವನಿಗೆ ಕೈ ನಡುಗುತ್ತಾ?"

"ಅದು ಫ್ಯಾಕ್ಟರೀಲಿ ಹಾಕಿದ್ದು."

"ಫ್ಯಾಕ್ಟರಿಗೂ ನಡುಗುತ್ತೆ ಅನ್ನು."

ಬೆಲೆ ಕೇಳಿ ಭಾಮೈದ ಕೂರಲು ಜಾಗ ಹುಡುಕಿದ. ಮಾವ ಕೊಟ್ಟು ಹೊರಟ. ಬಾಗಿಲ ತನಕ ಬಂದು ಅಂಗಡಿಯವನು ಒತ್ತಿ ಹೇಳಿದ, "ಒಂದು ನೆನಪಿರ್ಲಿ. ಆಡಿಸುವಾಗ ಮೈಮೇಲೆ ಕಬ್ಬಿಣ ಗಿಬ್ಬಿಣ ಏನೂ ಇರಬಾರದು. ಗುದ್ದಲಿನೂ ದೂರ ಇಡಿ."

"ಅಷ್ಟೂ ಗೊತ್ತಾಗಲ್ವೇನಪ್ಪ ನಂಗೆ," ಎಂದ ಮಾವ.

ಮನೆಗೆ ಬಂದು ಪಟ್ಟಿ ಕಿತ್ತು ಒಳ್ಳೆಯ ಚರ್ಮದ್ದು ಹೊಲಿದ. ಆಮೇಲೆ ಅಂಗಡಿಯ ಬಾಗಿಲು ಅರ್ಧ ಇಳಿಸಿ ಇನ್ನೊಂದು ಕೆಲಸಕ್ಕೆ ಕೈ ಹಾಕಿದ. ಹೊಳೆಗೆ ಇಳಿಯುವುದೆಂದರೆ ಮತ್ತೆ ಅದೇ ಪಾಚಿ, ಅದೇ ಕಲ್ಲು. ಮತ್ತೊಮ್ಮೆ ಆ ಹೆಂಗಸಿನ ಮುಂದೆ ಕಾಲು ಆಕಾಶಕ್ಕೆ ತೋರಿಸಿಕೊಂಡು ಬೀಳುವ ಆಸೆ ಅವನಿಗಿರಲಿಲ್ಲ. ಅದಕ್ಕೆ ತನಗಾಗಿ ಒಂದು ಜೊತೆ ಬೂಟು ಮಾಡಿದ. ದಪ್ಪ ಚರ್ಮ, ಎರಡು ಪದರದ ಅಟ್ಟೆ, ಹೊಲಿಗೆಗೆಲ್ಲ ಮೇಣ. ಜಾರದಿರಲಿ ಎಂದು ಅಟ್ಟೆಯ ತುಂಬ ದಪ್ಪ ತಲೆಯ ಮೊಳೆಗಳನ್ನು ಒತ್ತೊತ್ತಾಗಿ ಹೊಡೆದ. ಅಷ್ಟು ಚಂದದ ಕೆಲಸ ಗಿರಾಕಿಗಳಿಗೆ ಎಂದೂ ಮಾಡಿಕೊಟ್ಟಿರಲಿಲ್ಲ. ಕಾಲಿಗೆ ಹಾಕಿ ಕಲ್ಲುಚಪ್ಪಡಿಯ ಮೇಲೆ ನಡೆದರೆ ಕುದುರೆ ಬಂದ ಹಾಗಿತ್ತು.

ಮರುದಿನ ಬೆಳಿಗ್ಗೆ ಹೊಳೆಯ ದಡದಲ್ಲಿ ಅಂಗಡಿಯವನ ಮಾತಿನಂತೆ ಮೈಮೇಲಿನ ಲೋಹವನ್ನೆಲ್ಲ ತೆಗೆದಿಟ್ಟ. ಬೀಗದ ಕೈ, ಗಡಿಯಾರ, ಜೇಬಿನ ಇಕ್ಕಳ, ಬೆಲ್ಟು. ಬೆಲ್ಟು ಹೋದ ಮೇಲೆ ಪ್ಯಾಂಟನ್ನು ಒಂದು ದಾರದಿಂದ ಕಟ್ಟಿಕೊಂಡ.

"ಬಾಯಲ್ಲಿ?" ಎಂದಳು ಗುಡುಗತ್ತೆ. ಓಲೆ ವಾಪಸು ಕೊಡುವಾಗ ಸುಳ್ಳು ಬಯಲಾಗಿತ್ತು, ಅವಳೂ ಹಿಂದೆ ಬಂದಿದ್ದಳು. ದಡದ ಕಲ್ಲಿನ ಮೇಲೆ ಸೆರಗು ಹೊದ್ದು ತುಟಿ ಬಿಗಿದು ಕೂತಿದ್ದಳು.

ಮಾವ ಬಾಯಿ ತೆರೆದು ತೋರಿಸಿದ. ಖಾಲಿ.

ನೀರಿಗಿಳಿದು, ಕಲ್ಲಿನ ಸಂದಿಯಲ್ಲಿ ಬಗ್ಗಿ, ತಟ್ಟೆಯನ್ನು ಕಾಲ ಮುಂದೆ ಆಡಿಸಿದ. ಕುಯ್ಯ್. ಪ್ಲಾಸ್ಟಿಕ್ ಮೊಗೆಯಿಂದ ಮರಳು ತೋಡಿದ, ಏನೂ ಇಲ್ಲ. ಒಂದು ಹೆಜ್ಜೆ ಆಚೆ ಹೋದ. ಕುಯ್ಯ್. ತೋಡಿದ, ಒಂದು ಬಾಟಲಿಯ ಮುಚ್ಚಳ. ಇನ್ನೊಂದು ಹೆಜ್ಜೆ, ಕುಯ್ಯ್. ಎಡಕ್ಕೆ, ಕುಯ್ಯ್. ಬಲಕ್ಕೆ, ಕುಯ್ಯ್. ಮಶೀನು ಹಸಿದ ಮಗುವಿನ ಹಾಗೆ ಒಂದೇ ಸಮ ಅಳುತ್ತಿತ್ತು. ಹೊಳೆಯ ತಳ ಹಂದಿ ಮೂತಿಯಿಟ್ಟ ಹಾಗಾಯಿತು.

ನೋಡುತ್ತ ನಿಂತಿದ್ದ ಭಾಮೈದನ ಮುಖ ಬದಲಾಯಿತು. ನೀರಿಗಿಳಿದು ಭಾವನ ಕಿವಿಯಲ್ಲಿ ಹೇಳಿದ, "ಭಾವ, ಇದು ಹಲ್ಲಲ್ಲ. ಹಲ್ಲು ಒಂದೇ ಕಡೆ ಇರ್ಬೇಕು ತಾನೇ? ಕಾಲಿಟ್ಟಲ್ಲೆಲ್ಲ ಕೂಗ್ತಿದೆ ಅಂದ್ರೆ ಕೆಳಗೆ ಇಡೀ ಹೊಳೆ ಚಿನ್ನ."

"ಹೌದಾ?"

"ಯಾರಿಗೂ ಹೇಳ್ಬೇಡಿ."

ಹಾಗೆಂದವನು ಅಂಗಡಿಗೆ ಹೋಗಿ, ಮೊದಲು ಕೂತ ಗಿರಾಕಿಗೇ ಹೇಳಿದ. ಅರ್ಧ ಕೆನ್ನೆ ಬೋಳಿಸುವಷ್ಟರಲ್ಲಿ ಕಥೆ ಮುಗಿದು, ಗಿರಾಕಿ ಉಳಿದರ್ಧ ಕೆನ್ನೆಯ ನೊರೆಯನ್ನೂ ಒರೆಸದೆ ಎದ್ದು ಓಡಿದ. ಮಧ್ಯಾಹ್ನದ ಹೊತ್ತಿಗೆ ಅರ್ಧ ಬೀದಿ ಹೊಳೆಯಲ್ಲಿತ್ತು. ಬಾಣಲೆ, ಜರಡಿ, ಕೇಕಿನ ತಟ್ಟೆ, ಯಾರೋ ಒಬ್ಬರು ಮಗುವಿನ ಸ್ನಾನದ ಟಬ್ಬು. ಭಾಮೈದ ಕತ್ತಿಯನ್ನು ಕಿವಿಗೆ ಸಿಕ್ಕಿಸಿ ನೊರೆ ಬಟ್ಟಲಿನಲ್ಲೇ ಮರಳು ಜಾಲಿಸುತ್ತಿದ್ದ. ಅಷ್ಟು ದಿನ ಹುಂ ಎನಿಸಿಕೊಂಡು ಸಾಕಾಗಿದ್ದ ಗಿರಾಕಿಗಳೆಲ್ಲ ಈಗ ಬೆಣ್ಣೆಯಂತೆ ಮಾತಾಡಿದರು.

"ಮಾವ, ಸ್ವಲ್ಪ ಇಲ್ಲಿ ಬಂದು ನಿಂತ್ಕೋ."

"ಏ, ನನ್ನ ಕಡೆ ಬಾ ಮಾವ, ನಿನ್ನೆ ಬೂಟು ಕೊಡದಿದ್ದಾಗ ನಾನೇನಾದ್ರೂ ಅಂದ್ನಾ?"

ಮಾವ ಎಲ್ಲಿ ನಿಂತರೆ ಅಲ್ಲಿ ಚಿನ್ನ. ಅವನು ಹೆಜ್ಜೆ ಎತ್ತಿದ ಕೂಡಲೇ ಆ ಜಾಗಕ್ಕೆ ನಾಲ್ಕು ಬಾಣಲೆ ಬೀಳುತ್ತಿದ್ದವು. ಮೊದಮೊದಲು ಅವನಿಗೂ ಹೆಮ್ಮೆಯಾಯಿತು. ಆಮೇಲೆ ಒಳಗೊಳಗೇ ಕಸಿವಿಸಿಯಾಯಿತು. ಇಷ್ಟು ಜನ ಇಷ್ಟು ಬಾಣಲೆ ಹಾಕಿ ಹೊಳೆಯನ್ನು ತಲೆಕೆಳಗು ಮಾಡಿದರೆ ಆ ಒಂದು ಹಲ್ಲು ಎಲ್ಲಿ ಹೂತುಹೋದೀತು? ದಡದ ಕಡೆ ನೋಡಿದ. ಹೆಂಡತಿ ಅಲ್ಲೇ ಇದ್ದಳು. ತುಟಿ ಬಿಗಿದೇ ಇತ್ತು. ಅವಳು ಜನರನ್ನು ನೋಡುತ್ತಿರಲಿಲ್ಲ, ಅವನ ಕಾಲನ್ನು ನೋಡುತ್ತಿದ್ದಳು.

ಆಕೆ ಬೆಳಗಿನಿಂದ ನೋಡಿದ್ದು ಅದನ್ನೇ. ತಟ್ಟೆ ದೂರ ಚಾಚಿದಾಗ ಸುಮ್ಮನಿರುತ್ತದೆ, ಕಾಲ ಹತ್ತಿರ ಬಂದಾಗ ಅಳುತ್ತದೆ. ಎದ್ದು, ಚಪ್ಪಲಿ ಬಿಟ್ಟು, ಸೀರೆ ಎತ್ತಿ ಸಿಕ್ಕಿಸಿ ಬರಿಗಾಲಲ್ಲಿ ನೀರಿಗಿಳಿದಳು.

"ಏನ್ರೀ, ಬೂಟು ಬಿಚ್ಚಿ."

"ಯಾಕೆ?"

"ಅಂಗಡಿಯವ್ನು ಏನಂದ? ಮೈಮೇಲೆ ಕಬ್ಬಿಣ ಇರಬಾರದು ಅಂದ ತಾನೇ?"

ಮಾವನಿಗೆ ಸಿಟ್ಟು ಬಂತು. "ಬೂಟು ಚರ್ಮ ಕಣೇ! ಇಷ್ಟು ವರ್ಷ ಬೂಟಿನವನ ಮನೇಲಿದ್ದು ಬೂಟು ಯಾತರದ್ದು ಅಂತ ಗೊತ್ತಿಲ್ವಾ ನಿಂಗೆ?"

ಅವಳು ಮಶೀನನ್ನು ಅವನ ಕೈಯಿಂದ ಇಸಿದುಕೊಂಡು, ಜನ ತೋಡಿದ ಗುಂಡಿಗಳ ಮೇಲೆಲ್ಲ ಆಡಿಸಿದಳು. ಮಶೀನು ಉಸಿರೆತ್ತಲಿಲ್ಲ. ಬಾಣಲೆಗಳು ಒಂದೊಂದಾಗಿ ನಿಂತವು. ಆಮೇಲೆ ಅವಳು ತಟ್ಟೆಯನ್ನು ಮೆಲ್ಲಗೆ ಗಂಡನ ಬಲಗಾಲಿನ ಹತ್ತಿರ ತಂದಳು. ಕುಯ್ಯ್ಯ್ಯ್. ಎಡಗಾಲಿನ ಹತ್ತಿರ ತಂದಳು. ಇನ್ನೂ ಜೋರು. ಎಡ ಬೂಟಿಗೆ ಅವನು ನಾಲ್ಕು ಮೊಳೆ ಹೆಚ್ಚು ಹೊಡೆದಿದ್ದ.

ಅರ್ಧ ಕೆನ್ನೆಯ ಗಿರಾಕಿ ತನ್ನ ಬಾಣಲೆಯನ್ನು ನೋಡಿದ, ಮಾವನ ಬೂಟನ್ನು ನೋಡಿದ, ಒಣಗಿದ ನೊರೆಯನ್ನು ಕೆರೆದುಕೊಂಡ.

"ಮಾವ," ಎಂದ ಯಾರೋ, "ನಾವು ಇಷ್ಟು ಹೊತ್ತೂ ನಿನ್ನ ಕಾಲ ಧೂಳೇ ಜಾಲಿಸಿದ್ದಾ?"

ಮಾವ ಬಾಯಿ ತೆರೆದ. ಹುಂ ಎನ್ನೋಣವೆಂದರೆ ಬಾಯಲ್ಲಿ ಮೊಳೆಯಿಲ್ಲ. ಮುಖ ಮುಚ್ಚಿಕೊಳ್ಳಲು ಬೇರೆ ದಾರಿ ಕಾಣದೆ ಬಗ್ಗಿ, ಒಂದು ಬೂಟು ಬಿಚ್ಚಿದ, ಇನ್ನೊಂದು ಬಿಚ್ಚಿದ, ಎರಡನ್ನೂ ಎದೆಗೆ ಅವುಚಿಕೊಂಡು ಗಂಭೀರವಾಗಿ ದಡದ ಕಡೆ ಹೆಜ್ಜೆ ಹಾಕಿದ. ಬರಿಗಾಲು ಪಾಚಿಯ ಮೇಲೆ ಬಿತ್ತು. ಕಾಲು ಮತ್ತೆ ಆಕಾಶ ನೋಡಿತು. ಪ್ಯಾಂಟಿನ ದಾರ ಕಿತ್ತುಹೋಯಿತು. ಒಂದು ಬೂಟು ಭಾಮೈದನ ಬಟ್ಟಲಿಗೆ ಬಿತ್ತು, ಇನ್ನೊಂದು ತೇಲಿಕೊಂಡು ಹೊರಟಿತು. ಕುತ್ತಿಗೆಯವರೆಗಿನ ನೀರಿನಲ್ಲಿ ಕೂತು, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು, ಮಾವ ಅಭ್ಯಾಸದಂತೆ ಹೇಳಿದ, "ನಂಗೇನೂ ಆಗಿಲ್ಲ."

ಒಂದು ಉದ್ದ ಉಸಿರು ಒಳಗೆ ಹೋಯಿತು.

ಆಮೇಲೆ ಬಂದ ನಗುವಿಗೆ ಸೇತುವೆಯ ಮೇಲೆ ಹೋಗುತ್ತಿದ್ದವರು ನಿಂತರು. ಗುಡುಗತ್ತೆ ಮಶೀನನ್ನು ಊರಿಕೊಂಡು, ತಲೆ ಹಿಂದಕ್ಕೆ ಹಾಕಿ, ಬಾಯಿ ಪೂರ್ತಿ ತೆರೆದು ನಕ್ಕಳು. ಹಲ್ಲಿಲ್ಲದ ಜಾಗ ಬಾಗಿಲು ತೆರೆದಿಟ್ಟ ಮನೆಯಂತೆ ಎಲ್ಲರಿಗೂ ಕಂಡಿತು. ಕೈ ಅಡ್ಡ ಹಿಡಿಯಬೇಕೆಂಬುದು ಅವಳಿಗೆ ನೆನಪೇ ಆಗಲಿಲ್ಲ.

"ಅಕ್ಕ, ಸಾಕು ನಿಲ್ಸು," ಎಂದು ತಮ್ಮ ಕೂಗಿದ. "ಉಳಿದಿರೋ ಹಲ್ಲೂ ಹಾರಿಹೋದಾವು!"

ಮಾವ ನೀರಿನಿಂದ ಏಳಲಿಲ್ಲ. ಎದ್ದರೆ ಆ ನಗು ಎಲ್ಲಿ ನಿಂತುಬಿಡುತ್ತದೋ ಎಂದು ಹಾಗೆಯೇ ಕೂತು ಅವಳ ಬಾಯಿಯನ್ನೇ ನೋಡಿದ.

ಹಲ್ಲು ಅವತ್ತು ಸಿಗಲಿಲ್ಲ. ಜನ ಬೈದು, ನಕ್ಕು, ಬಾಣಲೆ ತೊಳೆದುಕೊಂಡು ಹೋದರು. ತೇಲಿಹೋದ ಬೂಟು ದೂರ ಸಾಗದೆ ದಡದ ಪೊದೆಗೆ ಸಿಕ್ಕಿಕೊಂಡಿತ್ತು, ಅದನ್ನು ಎತ್ತಿ ತಂದರು. ಮಾವ ದಡದ ಕಲ್ಲಿನ ಮೇಲೆ ಕೂತು, ಇಕ್ಕಳದಿಂದ ಅಟ್ಟೆಯ ಮೊಳೆಗಳನ್ನು ಒಂದೊಂದಾಗಿ ಕಿತ್ತು ಬಾಯಿಗೆ ಹಾಕಿಕೊಳ್ಳತೊಡಗಿದ. ಹೋಗುವವರು ಹೋಗುತ್ತ ಎಸೆದ ಕೊಂಕಿಗೆಲ್ಲ ಉತ್ತರ ಕೊಡುವ ಕಷ್ಟ ಹಾಗೆ ತಪ್ಪಿತು. ಪಕ್ಕದ ಕಲ್ಲಿನ ಮೇಲೆ ಭಾಮೈದ, ಅರ್ಧ ಕೆನ್ನೆಯ ಗಿರಾಕಿಯನ್ನು ಕೂರಿಸಿಕೊಂಡು, ಹೊಳೆಯ ನೀರಿನಲ್ಲೇ ಹೊಸ ನೊರೆ ಕಲಸಿ ಉಳಿದರ್ಧ ಮುಗಿಸುತ್ತಿದ್ದ.

ಗುಡುಗತ್ತೆ ಸೀರೆ ಹಿಂಡುತ್ತ ಗಂಡನ ಮುಂದೆ ಬಂದು ನಿಂತಳು. "ನಾಳೆ ಮತ್ತೆ ಹುಡುಕೋಣ್ವೇನ್ರೀ? ಬರಿಗಾಲಲ್ಲಿ?"

ಬಾಯಿ ತುಂಬ ಮೊಳೆ ಇಟ್ಟುಕೊಂಡ ಮಾವ ತಲೆಯೆತ್ತಿ, "ಹುಂ" ಎಂದ.

ಅವಳು ಉಸಿರೆಳೆದುಕೊಂಡಳು. ಹಿಂದೆ ಭಾಮೈದ ಗಿರಾಕಿಯ ಕುತ್ತಿಗೆಯಿಂದ ತಟ್ಟನೆ ಕತ್ತಿ ಮೇಲೆತ್ತಿದ.